ದೇವರ ಆಜ್ಞೆಗಳೂ ನಮ್ಮ ವಿಧೇಯತೆಯೂ



ಆಜ್ಞೆ ಎಂಬ ಶಬ್ದವು ಕಿವಿಗೆ ಬಿದ್ದೊಡನೆ ಅನೇಕರಿಗೆ ಬೆತ್ತವೂ ದಂಡನೆಯೂ ನೆನಪಿಗೆ ಬರುವವು. ದೇವರ ಆಜ್ಞೆಗಳನ್ನೂ ಕೆಲವರು ಹಾಗೆಯೇ ಎಣಿಸಿ, ಕೈಕೊಂಡರೆ ಪರಲೋಕ, ಮೀರಿದರೆ ಶಿಕ್ಷೆ, ಇಷ್ಟೇ ಅವುಗಳ ಅರ್ಥವೆಂದು ತಿಳಿಯುತ್ತಾರೆ. ಸತ್ಯವೇದವು ಕಲಿಸುವ ವಿಧೇಯತೆಯು ಇಂಥದಲ್ಲ. ಅದರ ಸ್ವರೂಪವನ್ನು ಅರಿಯಬೇಕಾದರೆ, ಹತ್ತು ಆಜ್ಞೆಗಳು ಯಾವಾಗ, ಎಂಥವರಿಗೆ ಕೊಡಲ್ಪಟ್ಟವೆಂಬದನ್ನು ಮೊದಲು ನೋಡತಕ್ಕದ್ದು.

ಇಸ್ರಾಯೇಲ್ಯರು ಐಗುಪ್ತ ದೇಶದಲ್ಲಿ ಇಟ್ಟಿಗೆ ಮಾಡುವ ದಾಸರಾಗಿದ್ದರು. ಅವರು ಹತ್ತು ಆಜ್ಞೆಗಳನ್ನು ಕೈಕೊಂಡರೆಂದು ದೇವರು ಅವರನ್ನು ಬಿಡಿಸಲಿಲ್ಲ. ಆಗ ಅವು ಅವರಿಗೆ ಕೊಡಲ್ಪಟ್ಟೇ ಇರಲಿಲ್ಲ. ಆತನು ಅವರ ಗೋಳನ್ನು ಕೇಳಿ, ಮೋಶೆಯನ್ನು ಕಳುಹಿಸಿ, ಸಮುದ್ರವನ್ನು ದಾಟಿಸಿದನು. ಐಗುಪ್ತವನ್ನು ಬಿಟ್ಟ ಮೂರನೆಯ ತಿಂಗಳಲ್ಲಿ ಅವರು ಸೀನಾಯಿ ಬೆಟ್ಟದ ಬಳಿಗೆ ಬಂದ ಮೇಲೆಯೇ ಆಜ್ಞೆಗಳು ಕೊಡಲ್ಪಟ್ಟವು. ವಿಮೋಚನಕಾಂಡದ 20ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಅಲ್ಲಿ ದೇವರು ಯಾವ ವಿಧಿಯನ್ನೂ ಹೇಳುವದಕ್ಕೆ ಮುಂಚೆ, ನಿಮ್ಮನ್ನು ದಾಸತ್ವದಿಂದ ಬಿಡಿಸಿದವನು ನಾನೇ ಎಂಬ ಭಾವವನ್ನು ಜ್ಞಾಪಿಸುತ್ತಾನೆ. ಯೇಸುಸ್ವಾಮಿಯೂ ಕಡೆಯ ರಾತ್ರಿಯಲ್ಲಿ ಶಿಷ್ಯರ ಪಾದಗಳನ್ನು ತೊಳೆದ ಬಳಿಕವೇ, ಒಬ್ಬರನ್ನೊಬ್ಬರು ಪ್ರೀತಿಸಬೇಕೆಂಬ ಹೊಸ ಆಜ್ಞೆಯನ್ನು ಕೊಟ್ಟನು. ಕೃಪೆಯು ಮೊದಲು, ಆಜ್ಞೆಯು ಅನಂತರ. ಆದಕಾರಣ ವಿಧೇಯತೆಯು ರಕ್ಷಣೆಗಾಗಿ ನಾವು ತೆರುವ ಕ್ರಯವಲ್ಲ, ರಕ್ಷಿಸಲ್ಪಟ್ಟವರ ಕೃತಜ್ಞತೆಯೇ.

ಇನ್ನು ಈ ಆಜ್ಞೆಗಳು ಯಾರನ್ನು ಕಾಯುತ್ತವೆ? ಬಲಹೀನರನ್ನು. ಸಬ್ಬತ್‌ದಿನದ ವಿಶ್ರಾಂತಿಯು ಮನೆಯ ಯಜಮಾನನಿಗೆ ಮಾತ್ರವಲ್ಲದೆ ದಾಸದಾಸಿಯರಿಗೂ ಪರದೇಶಸ್ಥನಿಗೂ ಎತ್ತುಕತ್ತೆಗಳಿಗೂ ಸಲ್ಲತಕ್ಕದ್ದೆಂದು ಧರ್ಮೋಪದೇಶಕಾಂಡವು ವಿಧಿಸಿ, ನೀವೂ ದಾಸರಾಗಿದ್ದಿರಲ್ಲವೇ ಎಂದು ಕಾರಣವನ್ನೂ ತಿಳಿಸುತ್ತದೆ. ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವ ಕುಟುಂಬದಲ್ಲಿ ಪಾತ್ರೆ ತೊಳೆಯುವವಳಿಗೆ ವಾರದಲ್ಲಿ ಒಂದು ದಿನವೂ ಬಿಡುವಿಲ್ಲದಿದ್ದರೆ ಆ ಆಜ್ಞೆಯು ಅರ್ಧವೇ ನೆರವೇರಿತೆಂದು ತಿಳಿಯಿರಿ.

ಒಂದು ಆಜ್ಞೆಯನ್ನು ಮೀರಿದವನು ಅಲ್ಲಿಯೇ ನಿಲ್ಲುವದು ಕಷ್ಟ. ಅಹಾಬರಾಜನು ನಾಬೋತನ ದ್ರಾಕ್ಷೇತೋಟಕ್ಕೆ ಆಶೆಪಟ್ಟನು. ಅದು ಕಣ್ಣಿಗೆ ಕಾಣದ ಮನಸ್ಸಿನ ಪಾಪ. ಆದರೆ ಆ ಆಶೆಯ ನಿಮಿತ್ತ ಈಜೆಬೆಲಳು ಸುಳ್ಳುಸಾಕ್ಷಿಗಳನ್ನು ಎಬ್ಬಿಸಿದಳು. ಸುಳ್ಳುಸಾಕ್ಷಿಯಿಂದ ನಿರಪರಾಧಿಯ ಕೊಲೆಯಾಯಿತು. ಕೊಲೆಯಿಂದ ತೋಟವು ಅಪಹಾರವಾಯಿತು. ಹತ್ತರಲ್ಲಿ ಕಡೆಯದಾದ ಆಜ್ಞೆಯನ್ನು ಅಲ್ಪವೆಂದೆಣಿಸಿದ್ದರಿಂದ ಒಂದು ಮನೆಯೇ ಹಾಳಾಯಿತು. ಸಹಪಾಠಿಯ ಅಂಕಗಳನ್ನು ಕಂಡು ಕರುಬುವ ಹುಡುಗಿಯು ಅವಳ ಮೇಲೆ ಚಾಡಿ ಹೇಳುವದಕ್ಕೆ ಎಷ್ಟು ಹೊತ್ತು ಬೇಕು?

ಹಾಗಾದರೆ ವಿಧೇಯತೆಯೆಂದರೆ ದೊಡ್ಡವರು ಹೇಳಿದ್ದಕ್ಕೆಲ್ಲಾ ತಲೆಬಾಗುವದೋ? ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬದು ದೇವರ ಆಜ್ಞೆಯೇ, ಅದನ್ನು ಹಗುರಮಾಡಕೂಡದು. ಆದರೂ ದೇವರ ಆಜ್ಞೆಯನ್ನು ಮೀರೆಂದು ಹೇಳುವ ಅಧಿಕಾರವು ಯಾವ ಮನುಷ್ಯನಿಗೂ ಇಲ್ಲ. ಇಬ್ರಿಯರ ಗಂಡುಕೂಸುಗಳನ್ನು ಹುಟ್ಟುತ್ತಲೇ ಕೊಲ್ಲಬೇಕೆಂದು ಫರೋಹನು ಅಪ್ಪಣೆ ಮಾಡಿದಾಗ, ಶಿಪ್ರಾ ಪೂಗಾ ಎಂಬ ಇಬ್ಬರು ಸೂಲಗಿತ್ತಿಯರು ದೇವರಿಗೆ ಭಯಪಟ್ಟು ಕೂಸುಗಳನ್ನು ಉಳಿಸಿದರು. ಅವರ ಕೈಯಲ್ಲಿ ಸೈನ್ಯವಿರಲಿಲ್ಲ, ಅಧಿಕಾರವಿರಲಿಲ್ಲ. ಆದರೂ ವಿಮೋಚನಕಾಂಡವು ಅಷ್ಟು ಬಲಿಷ್ಠನಾದ ಆ ಅರಸನ ಸ್ವಂತ ಹೆಸರನ್ನು ಬರೆಯದೆ, ಈ ಇಬ್ಬರು ಸ್ತ್ರೀಯರ ಹೆಸರುಗಳನ್ನು ಬರೆದಿಟ್ಟಿದೆ.

ನಿಮ್ಮಲ್ಲಿ ಕೆಲವರು ಮುಂದೆ ದಾದಿಯರೂ ಉಪಾಧ್ಯಾಯಿನಿಯರೂ ಆಗುವಿರಿ; ಕೆಲವರು ಕಚೇರಿಗಳಲ್ಲಿ ಕೆಲಸಮಾಡುವಿರಿ; ಅನೇಕರು ಮನೆಗಳನ್ನು ನಡಿಸುವಿರಿ. ಸುಳ್ಳು ಲೆಕ್ಕ ಬರೆಯೆಂದು ಮೇಲಧಿಕಾರಿಯೂ, ಬಡಸೊಸೆಯನ್ನು ಪೀಡಿಸುವದರಲ್ಲಿ ಸೇರಿಕೊಳ್ಳೆಂದು ಬಂಧುಗಳೂ ಹೇಳುವ ದಿನ ಬಂದೀತು. ಆ ದಿನ ವಿನಯದಿಂದಲೂ ದೃಢತೆಯಿಂದಲೂ ‘ಆಗದು’ ಎನ್ನುವ ಶಕ್ತಿಯು ಒಮ್ಮೆಲೇ ಹುಟ್ಟತಕ್ಕದ್ದಲ್ಲ. ಇಂದು ಪರೀಕ್ಷೆಯ ಕಾಗದದಲ್ಲಿ, ಊಟದ ಪಂಕ್ತಿಯಲ್ಲಿ, ಗೆಳತಿಯ ಬೆನ್ನ ಹಿಂದೆ ಆಡುವ ಮಾತಿನಲ್ಲಿ ಅಭ್ಯಾಸವಾದ ವಿಧೇಯತೆಯೇ ಅಂದು ನಿಮಗೆ ಆಧಾರವಾಗುವದು.

ಎಡವಿದಾಗ ಧೈರ್ಯಗೆಡಬೇಡಿರಿ. ಬಿಡಿಸಿದ ದೇವರೇ ಕ್ಷಮಿಸಿ ಎಬ್ಬಿಸುವಾತನು. ಆತನ ಪ್ರೀತಿಯನ್ನು ನೆನಸಿ, ಆತನ ಮಾರ್ಗದಲ್ಲಿ ಸಂತೋಷದಿಂದ ನಡೆಯಿರಿ.