ಬೈನೆ ಮರ

ಪಶ್ಚಿಮ ಘಟ್ಟದ ದಟ್ಟವಾದ ಕಾಡುಗಳಲ್ಲಿ ಸಂಚರಿಸುವವರ ಕಣ್ಣನ್ನು ಸೆಳೆಯುವ ಮರಗಳಲ್ಲಿ ಬೈನೆಯೂ ಒಂದು. ಕೆಲವು ಕಡೆ ಇದನ್ನು ಬಗನಿ ಎಂದು ಕರೆಯುವುದುಂಟು. ತೆಂಗು, ಅಡಕೆ, ಈಚಲುಗಳಂತೆ ಇದೂ ತಾಳೆಯ ಕುಟುಂಬಕ್ಕೆ ಸೇರಿದೆ. ಆದರೆ ಇದರ ಎಲೆ ಅವುಗಳ ಎಲೆಯಂತಲ್ಲ. ದೊಡ್ಡ ಗರಿಯು ಕಿರುಗರಿಗಳಾಗಿ ಕವಲೊಡೆದು, ಆ ಕವಲುಗಳ ಮೇಲೆ ಮೀನಿನ ಬಾಲವನ್ನು ಹೋಲುವ ಎಲೆಗಳು ಮೂಡುತ್ತವೆ.

ಬೈನೆಯ ಬಾಳು ವಿಚಿತ್ರವಾದುದು. ತೆಂಗು ವರ್ಷವರ್ಷವೂ ಫಲ ನೀಡುತ್ತದೆ. ಬೈನೆಯಾದರೋ ಹತ್ತಕ್ಕೂ ಹೆಚ್ಚು ವರ್ಷ ಹೂ ಬಿಡದೆ ಬೆಳೆಯುತ್ತದೆ. ಆ ಕಾಲದಲ್ಲಿ ಎಲೆಗಳು ತಯಾರಿಸಿದ ಆಹಾರದಲ್ಲಿ ಬಹುಭಾಗ ಪಿಷ್ಟದ ರೂಪದಲ್ಲಿ ಕಾಂಡದ ತಿರುಳಿನಲ್ಲಿ ಶೇಖರವಾಗುತ್ತದೆ. ಕಡೆಗೆ ಮರದ ತುದಿಯಲ್ಲಿ ಮೊದಲ ಹೂಗೊಂಚಲು ಕಾಣಿಸಿಕೊಳ್ಳುತ್ತದೆ. ಆಮೇಲೆ ಒಂದಾದ ಮೇಲೊಂದರಂತೆ ಕೆಳಕೆಳಗೆ ಗೊಂಚಲುಗಳು ಜಡೆಗಳಂತೆ ಇಳಿಬೀಳುತ್ತವೆ. ಎಲ್ಲಕ್ಕಿಂತ ಕೆಳಗಿನ ಗೊಂಚಲಿನ ಕಾಯಿ ಹಣ್ಣಾದೊಡನೆ ಮರದ ಆಯುಸ್ಸು ಮುಗಿಯುತ್ತದೆ. ಬಾಳೆಲ್ಲ ಕೂಡಿಟ್ಟುದನ್ನು ಅದು ಸಂತಾನಕ್ಕಾಗಿ ವ್ಯಯಮಾಡಿರುತ್ತದೆ.

ಈ ಶೇಖರಣೆಯೇ ಮನುಷ್ಯನಿಗೂ ಆಹಾರವಾಯಿತು. ಹೂ ಬಿಡುವ ಹೊತ್ತಿಗೆ ಸರಿಯಾಗಿ ಮರವನ್ನು ಕಡಿದು, ಕಾಂಡವನ್ನು ಸೀಳಿ ತಿರುಳನ್ನು ತೆಗೆಯುತ್ತಾರೆ. ಅದನ್ನು ಕುಟ್ಟಿ ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿದರೆ ನಾರು ಮೇಲುಳಿಯುತ್ತದೆ. ಹಿಟ್ಟು ನೀರಿನೊಡನೆ ಕೆಳಗಿಳಿದು ತಳದಲ್ಲಿ ನೆಲೆಸುತ್ತದೆ. ಮೇಲಿನ ನೀರನ್ನು ಬಸಿದು ಹಿಟ್ಟನ್ನು ಬಿಸಿಲಿನಲ್ಲಿ ಒಣಗಿಸುತ್ತಾರೆ. ಇದರಿಂದ ಗಂಜಿ, ರೊಟ್ಟಿಗಳನ್ನು ಮಾಡಬಹುದು. ಬೆಳೆ ಕೈಕೊಟ್ಟ ಬರಗಾಲದಲ್ಲಿ, ಈ ಮರಗಳು ಇರುವವರೆಗೆ ಕಾಡಿನ ಜನ ಹೆಚ್ಚು ಕಷ್ಟಪಡಲಿಲ್ಲವೆಂದು ಭಾರತದ ಸಸ್ಯಗಳನ್ನು ಕುರಿತು ಬರೆದ ವಿಲಿಯಂ ರಾಕ್ಸ್‌ಬರ್ಗ್ (1751–1815) ದಾಖಲಿಸಿದ್ದಾನೆ.

ಮರವನ್ನು ಕಡಿಯದೆಯೂ ಆಹಾರ ಪಡೆಯುವ ದಾರಿಯುಂಟು. ಎಳೆಯ ಹೂಗೊಂಚಲಿನ ತುದಿಯನ್ನು ದಿನವೂ ತೆಳ್ಳಗೆ ಕೊಯ್ದರೆ ಸಿಹಿಯಾದ ರಸ ತೊಟ್ಟಿಕ್ಕುತ್ತದೆ. ಹಾಗೆಯೇ ಬಿಟ್ಟರೆ ಅದು ಬೇಗ ಹುಳಿತು ಹೆಂಡವಾಗುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದಿಟ್ಟರೆ ಹುಳಿಯುವುದು ತಡೆಯುತ್ತದೆ. ಆ ರಸವನ್ನು ಕಾಯಿಸಿ ಬೆಲ್ಲ ಮಾಡಬಹುದು. ಶ್ರೀಲಂಕಾದಲ್ಲಿ ಈ ಮರಕ್ಕೆ ಕಿತುಲ್ ಎಂದು ಹೆಸರು. ಅಲ್ಲಿ ಅದರ ಪಾಕ ಮತ್ತು ಬೆಲ್ಲ ಬಹು ಪ್ರಸಿದ್ಧ. ಎಮ್ಮೆಯ ಮೊಸರಿಗೆ ಆ ಪಾಕವನ್ನು ಬೆರೆಸಿ ಉಣ್ಣುವುದು ಅಲ್ಲಿನವರ ಪ್ರಿಯವಾದ ರೂಢಿ.

ಬೈನೆಯ ಹಣ್ಣು ಮಾತ್ರ ಮನುಷ್ಯನಿಗೆ ಸಲ್ಲದು. ಅದರ ತಿರುಳಿನಲ್ಲಿ ಸೂಜಿಯಂತಹ ಸೂಕ್ಷ್ಮ ಹರಳುಗಳಿದ್ದು, ಮುಟ್ಟಿದರೆ ಚರ್ಮ ತುರಿಸಿ ಉರಿಯುತ್ತದೆ. 1753ರಲ್ಲಿ ಲಿನೇಯಸನು ಇದಕ್ಕೆ ಇಟ್ಟ ‘ಕ್ಯಾರಿಯೋಟ ಯೂರೆನ್ಸ್’ ಎಂಬ ಹೆಸರಿನ ಎರಡನೆಯ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಉರಿಸುವ’ ಎಂದೇ ಅರ್ಥ. ಆದರೆ ಮರಬೆಕ್ಕು ಇದೇ ಹಣ್ಣನ್ನು ತಿಂದು ಬೀಜಗಳನ್ನು ಕಾಡಿನಲ್ಲಿ ಹರಡುತ್ತದೆ. ಆನೆಗಳಿಗೆ ಇದರ ಗರಿಗಳು ಅಚ್ಚುಮೆಚ್ಚಿನ ಮೇವು.

ಹಿಟ್ಟು ಹೆಚ್ಚಾಗಿ ದೊರೆಯುವ ಸಮಯವೇ ಮರ ಬೀಜ ಕೊಡಲು ಸಿದ್ಧವಾಗುವ ಸಮಯವೂ ಹೌದು. ಆಗ ಕಡಿದ ಮರ ಒಂದು ಬೀಜವನ್ನೂ ಉಳಿಸದೆ ಹೋಗುತ್ತದೆ. ಬೈನೆಯ ಬುಡದಲ್ಲಿ ಮರಿಗಳು ಮೂಡುವುದಿಲ್ಲವಾದುದರಿಂದ ಬೀಜವೊಂದೇ ಅದರ ವಂಶಕ್ಕೆ ಆಧಾರ. ಆದುದರಿಂದ ಕೆಲವು ಮರಗಳನ್ನು ಹಣ್ಣಾಗಲು ಬಿಡುವುದು, ಸಸಿಗಳನ್ನು ನೆಟ್ಟು ಬೆಳೆಸುವುದು ಅವಶ್ಯಕ. ಬರದಲ್ಲಿ ಅನ್ನವಿತ್ತ ಮರವು ಮುಂದಿನ ಪೀಳಿಗೆಗೂ ಉಳಿಯುವುದು ಈ ವಿವೇಕದಿಂದಲೇ.