ಅಟ್ಟದ ಬಿಸಿಗೆ ಹಳೆಯ ಫಿಲ್ಮು ತಾಳುವುದೇ?

ಯಡಿಯೂರು, ಜಯನಗರದ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಮದುವೆ, ನಾಮಕರಣದ ನೆಗೆಟಿವ್‌ಗಳನ್ನು ತುಂಬಿಟ್ಟ ತಗಡಿನ ಡಬ್ಬಿ ಸಿಗುವುದು ಅಪರೂಪವೇನಲ್ಲ. ಕೆಲವೊಮ್ಮೆ ತೊಳೆಸದೆ ಉಳಿದ ಸುರುಳಿಯೂ ಅದರಲ್ಲಿರುತ್ತದೆ. ಅದರಲ್ಲಿ ಚಿತ್ರ ಉಳಿದಿದೆಯೇ? ಫಿಲ್ಮಿನ ವಯಸ್ಸಿನಷ್ಟೇ, ಅದು ಇದ್ದ ಜಾಗದ ಉಷ್ಣಾಂಶವೂ ಇದನ್ನು ನಿರ್ಧರಿಸುತ್ತದೆ.

ಫಿಲ್ಮಿನ ಮೇಲಿನ ಜೆಲಟಿನ್ ಲೇಪದಲ್ಲಿ ಬೆಳ್ಳಿಯ ಲವಣದ ಹರಳುಗಳಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಟ್ಟುಗೂಡುತ್ತವೆ; ಕಣ್ಣಿಗೆ ಕಾಣದ ಚಿತ್ರವೆಂದರೆ ಇದೇ. ಶಾಖ ಹೆಚ್ಚಾದರೆ ಬೆಳಕು ಬೀಳದ ಹರಳುಗಳೂ ಕ್ರಮೇಣ ಕೆಡುತ್ತವೆ. ಆಗ ತೊಳೆದ ಫಿಲ್ಮಿಗೆ ಮಂಜು ಕವಿದಂತಾಗುತ್ತದೆ. ಬಣ್ಣದ ಫಿಲ್ಮಿನ ಪದರಗಳು ಒಂದೇ ವೇಗದಲ್ಲಿ ಕೆಡುವುದಿಲ್ಲವಾದ್ದರಿಂದ ಮುಖದ ಬಣ್ಣವೇ ಬದಲಾಗುತ್ತದೆ. ಬೆಂಗಳೂರು ತಂಪಿನ ಊರೆಂದು ನಂಬಿ ಕೂರುವಂತಿಲ್ಲ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಕಾದ ತಾರಸಿಯ ಕೆಳಗಿನ ಅಟ್ಟದ ಪಾಡು ಹೇಳಬೇಕಿಲ್ಲ.

ಚಳಿಯಲ್ಲಿ ಮಾತು ಬೇರೆ. 1897ರಲ್ಲಿ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟ ಸ್ವೀಡನ್ನಿನ ಆಂಡ್ರೇ ತಂಡದ ಮೂವರೂ ಮರಳಲಿಲ್ಲ. ಅವರ ಫಿಲ್ಮುಗಳು 1930ರಲ್ಲಿ ಹಿಮದ ದ್ವೀಪವೊಂದರಲ್ಲಿ ಸಿಕ್ಕಿದವು. 33 ವರ್ಷ ಕಳೆದಿದ್ದರೂ, ಸುಮಾರು 240 ಚಿತ್ರಗಳಲ್ಲಿ 93ನ್ನು ಯೋನ್ ಹರ್ಟ್ಸ್‌ಬೆರಿ ಎಂಬ ತಜ್ಞರು ಸ್ಟಾಕ್‌ಹೋಮಿನಲ್ಲಿ ಉಳಿಸಿಕೊಟ್ಟರು. ಹಾಗೆಂದು ಚಳಿ ಎಲ್ಲಕ್ಕೂ ಒಳ್ಳೆಯದಲ್ಲ. ಕಡು ಚಳಿಯಲ್ಲಿ ಫಿಲ್ಮು ಪೆಡಸಾಗಿ, ಕ್ಯಾಮೆರಾದಲ್ಲಿ ಸುತ್ತುವಾಗ ಮುರಿಯಬಹುದು. ಒಣಹವೆಯಲ್ಲಿ ಹುಟ್ಟುವ ಸಣ್ಣ ವಿದ್ಯುತ್ ಕಿಡಿ ಚಿತ್ರದ ಮೇಲೆ ಮಿಂಚಿನಂಥ ಗೆರೆ ಎಳೆಯುತ್ತದೆ.

ತೊಳೆಸಿಟ್ಟ ನೆಗೆಟಿವ್‌ಗಳಿಗೆ ಇನ್ನೊಂದು ಗಂಡಾಂತರವಿದೆ. ಹಲವು ದಶಕಗಳ ಕಾಲ ಬಳಕೆಯಲ್ಲಿದ್ದ ಅಸಿಟೇಟ್ ಫಿಲ್ಮು ಶಾಖ, ತೇವಗಳಿಗೆ ಸಿಕ್ಕಿ ಅಸಿಟಿಕ್ ಆಮ್ಲವನ್ನು ಬಿಡತೊಡಗುತ್ತದೆ. ಡಬ್ಬಿ ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಕೇಡು ಶುರುವಾಗಿದೆ ಎಂದೇ ತಿಳಿಯಿರಿ. ಆಮ್ಲವೇ ಮುಂದಿನ ಕೇಡಿಗೆ ಇಂಧನ. ಬಿಗಿಯಾಗಿ ಮುಚ್ಚಿದ ಡಬ್ಬಿ ಅದನ್ನು ಒಳಗೇ ಹಿಡಿದಿಡುತ್ತದೆ. ಫಿಲ್ಮು ಕುಗ್ಗಿ, ಸುಕ್ಕುಗಟ್ಟಿ, ಲೇಪ ಏಳುತ್ತದೆ. ಹಾಳಾದದ್ದು ಮತ್ತೆ ಸರಿಯಾಗದು. ವಾಸನೆ ಬಂದವನ್ನು ಇತರ ನೆಗೆಟಿವ್‌ಗಳಿಂದ ಬೇರ್ಪಡಿಸಿ, ಕಾಗದದ ಲಕೋಟೆಗೆ ಹಾಕಿ. ತಡಮಾಡದೆ ಸ್ಕ್ಯಾನ್ ಮಾಡಿಸಿ.

ತೊಳೆಸದ ಸುರುಳಿಯನ್ನು ಕುತೂಹಲಕ್ಕೆಂದು ಬಿಚ್ಚಬೇಡಿ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನಲ್ಲಿಡಿ. ಹೊರತೆಗೆದ ಮೇಲೆ ಡಬ್ಬಿಯ ತಂಪು ಪೂರ್ತಿ ಹೋಗುವವರೆಗೆ ಮುಚ್ಚಳ ತೆಗೆಯಬಾರದು. ತೆಗೆದರೆ ಫಿಲ್ಮಿನ ಮೇಲೆ ನೀರಿನ ಹನಿ ಕೂರುತ್ತದೆ. ತೊಳೆಯಲು ಕೊಡುವಾಗ ಫಿಲ್ಮಿನ ಹೆಸರು, ತೆಗೆದ ವರ್ಷ, ಇಷ್ಟು ದಿನ ಇಟ್ಟಿದ್ದ ಜಾಗ ಮೂರನ್ನೂ ಹೇಳಿ. ತೊಳೆಯುವವರು ದ್ರಾವಣವನ್ನೂ ಸಮಯವನ್ನೂ ಗೊತ್ತುಮಾಡುವುದು ಅದರ ಮೇಲೆಯೇ.