ಮಿರಜ್ ದಾಟಿದ ಮೇಲೆ: ಜತ್ತದ ಮೂಡಲ ಸೀಮೆ

ಸಾಂಗಲಿಗೆ ಹೋದವರು ಗಣಪತಿಗೆ ಕೈಮುಗಿದು, ಮಿರಜಿನಲ್ಲಿ ಸಿತಾರ್ ಮಾಡುವವರ ಓಣಿ ಸುತ್ತಿ, ಕೃಷ್ಣೆಯ ದಂಡೆಯ ಕಬ್ಬು ನೋಡಿ ಹಿಂದಿರುಗುತ್ತಾರೆ. ಮೂಡಣ ದಾರಿ ಹಿಡಿಯುವವರು ಕಡಿಮೆ. ಆ ದಾರಿಯಲ್ಲಿ ಕವಠೆ ಮಹಾಂಕಾಳ ದಾಟಿದರೆ ಕಬ್ಬು ಕಾಣೆಯಾಗುತ್ತದೆ. ಬೋಳು ಮರಡಿಗಳು, ಕುರುಚಲು ಜಾಲಿ, ದಿಗಂತದುದ್ದಕ್ಕೂ ತಿರುಗುವ ಗಾಳಿಯಂತ್ರಗಳು. ಜತ್ತ ಪಟ್ಟಣವೂ ಹಿಂದೆ ಬಿದ್ದ ಮೇಲೆ ಚಹಾದಂಗಡಿಯಲ್ಲಿ ಕೇಳುವುದು ಕನ್ನಡ: ‘ಎಲ್ಲಿಂದ ಬಂದ್ರಿ? ಕೂಡ್ರಿ, ಚಹಾ ಕುಡದ ಹೋಗೂಣು.’

ಸಂಖ, ಉಮದಿ, ತಿಕೋಂಡಿ, ಗುಡ್ಡಾಪುರ ಈ ಸೀಮೆಯ ಊರುಗಳು. ಡಫಳೆ ಮನೆತನದ ಜತ್ತ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಊರುಗಳು ಮುಂಬೈ ರಾಜ್ಯದಲ್ಲೇ, ಎಂದರೆ ಇಂದಿನ ಮಹಾರಾಷ್ಟ್ರದ ಕಡೆಯೇ ಉಳಿದವು. ಕಚೇರಿಯ ಕಾಗದ ಮರಾಠಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಇಂದಿಗೂ ನಡೆಯುತ್ತಿವೆ. ಹಳ್ಳಿಯೆಂದರೆ ಒತ್ತಾದ ಓಣಿಗಳಷ್ಟೇ ಅಲ್ಲ. ಅರ್ಧ ಊರು ಹೊಲಗಳಲ್ಲೇ ವಸ್ತಿ ಹಾಕಿಕೊಂಡಿರುತ್ತದೆ. ಒಂದು ವಸ್ತಿಯಿಂದ ಇನ್ನೊಂದಕ್ಕೆ ನಡೆದು ಹೋದರೇ ಈ ಸೀಮೆ ತಿಳಿಯುವುದು.

ಆ ನಡಿಗೆಯಲ್ಲಿ ಮಾಡಗ್ಯಾಳ ಕುರಿ ಕಣ್ಣಿಗೆ ಬೀಳದೇ ಇರದು. ಉದ್ದ ಕಾಲು, ಬಿಳಿ ಮೈಮೇಲೆ ಕಂದು ಮಚ್ಚೆ, ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು. ಮಾಡಗ್ಯಾಳ ಎಂಬ ಊರೇ ಈ ತಳಿಗೆ ಹೆಸರು ಕೊಟ್ಟಿದೆ. ಟಗರಿನ ಮೂಗು ಎಷ್ಟು ಬಾಗಿದೆಯೋ ಅಷ್ಟು ಬೆಲೆ.

ಫೆಬ್ರುವರಿ, ಮಾರ್ಚ್ ಹೊತ್ತಿಗೆ ಬಂದರೆ ಒಣದ್ರಾಕ್ಷಿಯ ಶೆಡ್ಡುಗಳನ್ನು ನೋಡಬೇಕು. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲಾಗಿ ಒಳಗಿನ ನೀರು ಬೇಗ ಆರುತ್ತದೆ. ನೆರಳಿನಲ್ಲಿ, ಒಣ ಗಾಳಿಯಲ್ಲಿ ಎರಡು ವಾರ ಕಳೆದರೆ ಸರಕು ಸಿದ್ಧ; ಬಳಿಕ ತಾಸಗಾವ, ಸಾಂಗಲಿಯ ಪೇಟೆಗೆ. ಮಳೆಯನ್ನು ಕೊಡದ ಹವೆಯೇ ಇಲ್ಲಿ ದ್ರಾಕ್ಷಿ ಒಣಗಿಸಿಕೊಡುತ್ತದೆ.

ಗುಡ್ಡಾಪುರದ ದಾನಮ್ಮದೇವಿ ಹನ್ನೆರಡನೆಯ ಶತಮಾನದ ಶರಣೆ. ಹುಟ್ಟೂರು ಇದೇ ತಾಲ್ಲೂಕಿನ ಉಮರಾಣಿ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ ಕಡೆಯಿಂದ ಜನ ಪಾದಯಾತ್ರೆಯಲ್ಲಿ ಬರುತ್ತಾರೆ. ಉಮದಿ ಇಂಚಗೇರಿ ಸಂಪ್ರದಾಯದ ಭಾವೂಸಾಹೇಬ ಮಹಾರಾಜರ ಊರು. ನಿಂಬಾಳದ ಗುರುದೇವ ರಾನಡೆ ಈ ಮಹಾರಾಜರ ಶಿಷ್ಯರು. ರಾಜ್ಯದ ಗಡಿಗೆ ಈ ಭಕ್ತಿಯ ದಾರಿಗಳನ್ನು ಕಡಿಯಲಾಗಿಲ್ಲ.

ನೀರಿನದೇ ದೊಡ್ಡ ಚಿಂತೆ. ಮಿರಜ್ ತಾಲ್ಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯನ್ನು ಎತ್ತಿ ಪೂರ್ವಕ್ಕೆ ತರುವ ಏತ ನೀರಾವರಿ ಯೋಜನೆ ಬಂದರೂ ಗಡಿಯಂಚಿನ ಹಳ್ಳಿಗಳು ವರ್ಷಗಟ್ಟಲೆ ಕಾದವು. 2012ರಲ್ಲಿ ಹಲವು ಊರುಗಳು ನೀರು ಕೊಡಿ, ಇಲ್ಲದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು ಠರಾವು ಮಾಡಿದವು. 2022ರ ಡಿಸೆಂಬರ್‌ನಲ್ಲಿ ಕರ್ನಾಟಕದ ತುಬಚಿ–ಬಬಲೇಶ್ವರ ಯೋಜನೆಯ ನೀರು ತಿಕೋಂಡಿಯ ಕೆರೆಗೆ ಹರಿಯಿತು. ಈ ಜನರ ದಾಹವನ್ನು ಎರಡೂ ಸರಕಾರಗಳು ಚುನಾವಣೆಯ ಆಚೆಗೂ ನೆನಪಿಡಬೇಕು.

ಹೋಗುವುದಾದರೆ ದೀಪಾವಳಿ ಕಳೆದ ಮೇಲೆ ಹೋಗಿ. ಹಿಂಗಾರಿ ಜೋಳ ಎದ್ದು ನಿಂತಿರುತ್ತದೆ, ಬಿಸಿಲೂ ಹದವಾಗಿರುತ್ತದೆ. ಹೋಟೆಲು ಹುಡುಕುವುದು ಬೇಡ. ವಸ್ತಿಯಲ್ಲಿ ಕೇಳಿದರೆ ರೊಟ್ಟಿ, ಶೇಂಗಾ ಹಿಂಡಿ ಸಿಗುತ್ತದೆ. ಕುಡಿಯುವ ನೀರನ್ನು ಮಾತ್ರ ನೀವೇ ಒಯ್ಯಿರಿ.